ಕೋಲಾರದ ಗಣಿಯ ಆಳವೂ ನ್ಯೂಟ್ರಿನೋ ವಿಚಾರವೂ

೧

ಭೂಗರ್ಭವನ್ನು ತೋಡುವ ವಿದ್ಯೆ ಕನ್ನಡ ನಾಡಿಗೆ ಹೊಸದಲ್ಲ. ಬೀದರ ನಗರದ ಮಗ್ಗುಲಲ್ಲಿರುವ ನೌಬಾದಿನಲ್ಲಿ ಬಹಮನಿ ಅರಸರ ಕಾಲದ ಸುರಂಗ ಬಾವಿಯೊಂದು ಇಂದಿಗೂ ಉಳಿದಿರುವುದು. ಬೀದರದ ಪ್ರಸ್ಥಭೂಮಿಯಲ್ಲಿ ಮೇಲ್ಗಡೆ ಜಂಬಿಟ್ಟಿಗೆ ಕಲ್ಲು. ಅದರ ತಳದಲ್ಲಿ ಭಾಲ್ಕಿ ಔರಾದಗಳ ಸೀಮೆಯನ್ನೆಲ್ಲ ವ್ಯಾಪಿಸಿರುವ ದಖ್ಖನಿನ ಕಪ್ಪು ಶಿಲೆ. ಜಂಬಿಟ್ಟಿಗೆ ಮಳೆಯ ನೀರನ್ನು ಒಳಕ್ಕೆ ಇಳಿಯಗೊಡುವುದು. ಕಪ್ಪು ಶಿಲೆ ಅದನ್ನು ತಡೆಯುವುದು. ಇವೆರಡರ ಸಂಧಿಯನ್ನು ಅರಸಿ ಸುರಂಗವನ್ನು ತೋಡಿದವರು, ಕಲ್ಲಿನ ಪದರವು ಯಾವುದನ್ನು ಬಿಡುವುದು, ಯಾವುದನ್ನು ತಡೆಯುವುದು ಎಂಬ ವಿವೇಕದಿಂದಲೇ ಕಾರ್ಯಪ್ರವೃತ್ತರಾದರು.

ಇದೇ ವಿವೇಕವು ಇಪ್ಪತ್ತನೆಯ ಶತಮಾನದಲ್ಲಿ ನಾಡಿನ ಇನ್ನೊಂದು ಅಂಚಿನಲ್ಲಿ, ಕೋಲಾರದ ಚಿನ್ನದ ಗಣಿಯಲ್ಲಿ, ಬೇರೊಂದು ಉದ್ದೇಶಕ್ಕೆ ಬಳಕೆಯಾಯಿತು. ಅಲ್ಲಿ ಅರಸಿದುದು ನೀರನ್ನಲ್ಲ, ಚಿನ್ನವನ್ನೂ ಅಲ್ಲ; ಯಾವ ಕಲ್ಲೂ ತಡೆಯಲಾರದ ಒಂದು ಸೂಕ್ಷ್ಮ ಕಣವನ್ನು. ಉಳಿದ ಸಮಸ್ತವನ್ನೂ ಶಿಲೆಯು ಸೋಸಿದ ಬಳಿಕ ಏನು ಉಳಿಯುವುದೋ ಅದೇ ನ್ಯೂಟ್ರಿನೋ ಎಂಬ ಭಾವದಿಂದ ಈ ಕೆಲಸ ನಡೆಯಿತು. ೧೯೬೫ರಲ್ಲಿ ದೊರೆತ ಅದರ ಫಲ ವಿಜ್ಞಾನದ ಚರಿತ್ರೆಯಲ್ಲಿ ಸ್ಥಿರವಾಗಿ ನಿಂತಿದೆ. ಅದೇ ಗಣಿಯಲ್ಲಿ ತರುವಾಯ ಕಂಡ ಕೆಲವು ವಿಚಿತ್ರ ಘಟನೆಗಳಾದರೋ ಇಂದಿಗೂ ಅನಿರ್ಣೀತವಾಗಿವೆ. ಒಂದೇ ಗಣಿ, ಬಹುಮಟ್ಟಿಗೆ ಅವರೇ ಶೋಧಕರು. ಆದರೂ ಒಂದು ನಿಂತಿತು, ಇನ್ನೊಂದು ತೂಗಾಡಿತು. ಈ ಭೇದಕ್ಕೆ ಕಾರಣವೇನೆಂಬುದನ್ನು ವಿಮರ್ಶಿಸುವುದೇ ಈ ಲೇಖನದ ವಿಷಯ.

೨

ನ್ಯೂಟ್ರಿನೋ ಎಂಬುದು ಮೊದಲು ಕಂಡ ವಸ್ತುವಲ್ಲ, ಊಹಿಸಿದ ವಸ್ತು. ಕೆಲವು ಪರಮಾಣುಗಳು ಇಲೆಕ್ಟ್ರಾನನ್ನು ಹೊರಸೂಸುವಾಗ ಶಕ್ತಿಯ ಜಮಾಖರ್ಚು ಸರಿಹೊಂದುತ್ತಿರಲಿಲ್ಲ. ಕಾಣೆಯಾದ ಶಕ್ತಿಯನ್ನು ವಿದ್ಯುದಂಶವಿಲ್ಲದ ಒಂದು ಕಣವು ಹೊತ್ತೊಯ್ಯುತ್ತಿರಬಹುದೆಂದು ವುಲ್ಫ್‌ಗಾಂಗ್ ಪೌಲಿ ೧೯೩೦ರಲ್ಲಿ ಸೂಚಿಸಿದನು. ಎನ್ರಿಕೋ ಫೆರ್ಮಿ ಆ ಊಹೆಗೆ ಗಣಿತದ ರೂಪವನ್ನು ಕೊಟ್ಟನು. ೧೯೫೬ರಲ್ಲಿ ಅಮೆರಿಕದ ರೈನೆಸ್ ಮತ್ತು ಕೋವಾನ್ ಎಂಬ ವಿಜ್ಞಾನಿಗಳು ಪರಮಾಣು ಸ್ಥಾವರದ ಬಳಿಯಲ್ಲಿ ಅದರ ಇರವನ್ನು ಪ್ರತ್ಯಕ್ಷಪಡಿಸಿದರು.

ಈ ಕಣದ ಸ್ವಭಾವ ಬಹಳ ಉದಾಸೀನವಾದುದು. ಸೂರ್ಯನಿಂದ ಹೊರಟ ನ್ಯೂಟ್ರಿನೋಗಳು ಭೂಮಿಯ ಮೇಲಿನ ಪ್ರತಿ ಚದರ ಸೆಂಟಿಮೀಟರಿನ ಮೂಲಕ ಸೆಕೆಂಡಿಗೆ ೬೦೦೦ ಕೋಟಿಗೂ ಮೇಲ್ಪಟ್ಟು ಹಾದುಹೋಗುವುವು; ಅವುಗಳಲ್ಲಿ ಬಹುತೇಕ ಎಲ್ಲವೂ ಇಡೀ ಭೂಗೋಳವನ್ನು ದಾಟಿ ತಮ್ಮ ದಾರಿ ಹಿಡಿಯುವುವು. ಅತ್ಯಂತ ವಿರಳವಾಗಿ ಒಂದು ನ್ಯೂಟ್ರಿನೋ ಪರಮಾಣುವಿನ ಗರ್ಭವನ್ನು ತಾಕಿದಾಗ, ಅಲ್ಲಿಂದ ಹೊರಡುವ ವಿದ್ಯುದಂಶವುಳ್ಳ ಕಣವೇ ಅದರ ಗುರುತು.

ಸೂರ್ಯನಲ್ಲದೆ ವಾಯುಮಂಡಲವೂ ನ್ಯೂಟ್ರಿನೋಗಳ ಆಕರ. ಆಕಾಶದಿಂದ ಬರುವ ವಿಶ್ವಕಿರಣಗಳು ಮೇಲಿನ ಗಾಳಿಯನ್ನು ಅಪ್ಪಳಿಸಿದಾಗ ಪಯಾನುಗಳೆಂಬ ಕ್ಷಣಿಕ ಕಣಗಳು ಹುಟ್ಟಿ, ಅವು ಒಡೆದು ಮ್ಯೂಯಾನುಗಳೂ ನ್ಯೂಟ್ರಿನೋಗಳೂ ಆಗುವುವು. ಇವನ್ನು ಹಿಡಿಯುವುದಕ್ಕೆ ದೊಡ್ಡ ಅಡ್ಡಿಯೆಂದರೆ ಒಡಹುಟ್ಟಿದ ಮ್ಯೂಯಾನುಗಳೇ. ನೆಲದ ಮೇಲೆ ಅವುಗಳ ಮಳೆ ಎಡೆಬಿಡದೆ ಸುರಿಯುತ್ತಿರುವಾಗ ನ್ಯೂಟ್ರಿನೋವಿನ ಸಣ್ಣ ಸದ್ದು ಕೇಳಿಸುವಂತಿಲ್ಲ. ಆಳವಾದ ಗಣಿಗೆ ಇಳಿದರೆ ಮಾತ್ರ ಮೇಲಿನ ಶಿಲೆಯು ಮ್ಯೂಯಾನುಗಳನ್ನು ನುಂಗಿ ನಿಶ್ಶಬ್ದವನ್ನು ಉಂಟುಮಾಡುವುದು. ಭೂಗರ್ಭದ ಶೋಧಕಯಂತ್ರವನ್ನು ಉಪಯೋಗಿಸಿ ವಾಯುಮಂಡಲದ ನ್ಯೂಟ್ರಿನೋಗಳನ್ನು ಹುಡುಕಬಹುದೆಂದು ೧೯೬೦ರಲ್ಲಿ ರಷ್ಯದ ಮಾರ್ಕೋವ್ ಮತ್ತು ಅಮೆರಿಕದ ಗ್ರೈಸೆನ್ ಬೇರೆಬೇರೆಯಾಗಿ ಸೂಚಿಸಿದರು.

೩

ಕೋಲಾರದ ಗಣಿಯ ಆಧುನಿಕ ಚರಿತ್ರೆ ೧೮೮೦ರಲ್ಲಿ ಜಾನ್ ಟೇಲರ್ ಸಂಸ್ಥೆಯವರು ಕೆಲಸವನ್ನು ಕೈಗೊಂಡಲ್ಲಿಂದ ಮೊದಲಾಗುವುದು. ೧೯೦೨ರಲ್ಲಿ ಶಿವನಸಮುದ್ರದ ವಿದ್ಯುಚ್ಛಕ್ತಿ ಅಲ್ಲಿಗೆ ತಲಪಿತು. ಚಿನ್ನದ ಎಳೆಯನ್ನು ಹಿಂಬಾಲಿಸಿ ಕೂಲಿಕಾರರು ತಲೆಮಾರುಗಳ ಕಾಲ ಕೆಳಗೆ ಕೆಳಗೆ ತೋಡುತ್ತ ಹೋದುದರಿಂದ ಚಾಂಪಿಯನ್ ರೀಫ್ ಗಣಿಯು ೩ ಕಿಲೋಮೀಟರಿಗೂ ಮೀರಿ ಇಳಿದು, ಲೋಕದ ಅತ್ಯಂತ ಆಳವಾದ ಗಣಿಗಳಲ್ಲಿ ಒಂದೆನಿಸಿತು. ಅಲ್ಲಿನ ಶಿಲೆ ಸುಡುವಷ್ಟು ಬಿಸಿ. ಒತ್ತಡ ತಾಳದೆ ಬಂಡೆಗಳು ಸಿಡಿದು ಜೀವಹಾನಿಯಾಗುವುದು ಆ ಗಣಿಯ ನಿತ್ಯಭಯವಾಗಿತ್ತು. ವಿಜ್ಞಾನಕ್ಕೆ ದೊರೆತ ಆಳವು ಈ ಜನರ ದುಡಿಮೆಯಿಂದ ಸಿದ್ಧವಾದ ಆಳವೆಂಬುದನ್ನು ಮರೆಯಲಾಗದು.

ಹೋಮಿ ಭಾಭಾ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿದ್ದಾಗ ವಿಶ್ವಕಿರಣಗಳ ಅಭ್ಯಾಸವನ್ನು ನೆಲೆಗೊಳಿಸಿದರು. ೧೯೪೫ರಲ್ಲಿ ಅವರು ಸ್ಥಾಪಿಸಿದ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯೂ ಬೆಂಗಳೂರಿನಲ್ಲಿಯೇ ಹುಟ್ಟಿ ಅದೇ ವರ್ಷ ಮುಂಬಯಿಗೆ ಹೋಯಿತು. ೧೯೪೮ರಲ್ಲಿ ಆ ಸಂಸ್ಥೆಯನ್ನು ಸೇರಿದ ಮೈಸೂರು ಸೀಮೆಯ ಬಿ. ವಿ. ಶ್ರೀಕಂಠನ್ ಅವರು ೧೯೫೧ರಲ್ಲಿ ಭಾಭಾ ಅವರ ಸೂಚನೆಯ ಮೇರೆಗೆ ಕೋಲಾರದ ಗಣಿಗೆ ಇಳಿದು, ಬೇರೆಬೇರೆ ಆಳಗಳಲ್ಲಿ ಮ್ಯೂಯಾನುಗಳ ಪ್ರಮಾಣವನ್ನು ಅಳೆಯಲುಪಕ್ರಮಿಸಿದರು. ಅವರ ತರುವಾಯ ಮಿಯಾಕೆ, ವಿ. ಎಸ್. ನರಸಿಂಹಂ, ಪಿ. ವಿ. ರಮಣಮೂರ್ತಿ ಇವರು ೧೯೬೦ರ ದಶಕದ ಆದಿಭಾಗದಲ್ಲಿ ಇನ್ನೂ ಕೆಳಕ್ಕೆ ಹೋಗಿ ಅಳೆದರು. ಅತ್ಯಂತ ಕೆಳಗಿನ ನೆಲೆಯಲ್ಲಿ, ೮೪೦೦ ಮೀಟರು ನೀರಿನ ಹೊದಿಕೆಗೆ ಸಮವಾದ ಶಿಲೆಯ ಅಡಿಯಲ್ಲಿ, ಸುಮಾರು ೨ ತಿಂಗಳ ಕಾಲ ಅವರ ಯಂತ್ರವು ಒಂದು ಮ್ಯೂಯಾನನ್ನೂ ದಾಖಲಿಸಲಿಲ್ಲ. ಬೇರೆ ಪ್ರಸಂಗದಲ್ಲಿ ಏನೂ ಕಾಣದಿರುವುದು ವೈಫಲ್ಯವೆನಿಸುತ್ತಿತ್ತು. ಇಲ್ಲಿ ಆ ಶೂನ್ಯವೇ ಲಾಭ. ನ್ಯೂಟ್ರಿನೋವನ್ನು ಹಿಡಿಯಲು ತಕ್ಕ ಸ್ಥಳ ಇದೇ ಎಂಬುದಕ್ಕೆ ಅದೇ ಸಾಕ್ಷಿಯಾಯಿತು.

೪

ಟಾಟಾ ಸಂಸ್ಥೆ, ಜಪಾನಿನ ಒಸಾಕಾ ನಗರ ವಿಶ್ವವಿದ್ಯಾಲಯ, ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯ ಈ ಮೂರೂ ಸೇರಿ ಚಾಂಪಿಯನ್ ರೀಫ್ ಗಣಿಯ ಹೀತ್‌ಕೋಟ್ ಶಾಫ್ಟಿನ ಬಳಿ ಸುಮಾರು ೨೩೦೦ ಮೀಟರು ಆಳದಲ್ಲಿ ಶೋಧಕಯಂತ್ರಗಳನ್ನು ನಿಲ್ಲಿಸಿದವು. ಎಂ. ಜಿ. ಕೆ. ಮೆನನ್, ಶ್ರೀಕಂಠನ್, ರಮಣಮೂರ್ತಿ, ನರಸಿಂಹಂ, ಸಿ. ವಿ. ಆಚಾರ್, ಮಿಯಾಕೆ, ಹಿನೋಟಾನಿ, ವುಲ್ಫೆಂಡೇಲ್ ಮೊದಲಾದವರು ಆ ತಂಡದಲ್ಲಿದ್ದರು.

ಯಂತ್ರದ ರಚನೆಯಲ್ಲಿದ್ದ ಯುಕ್ತಿ ಸರಳವಾದುದು. ಕಣವು ಹಾದಾಗ ಮಿನುಗುವ ಪ್ಲಾಸ್ಟಿಕ್ ಫಲಕಗಳನ್ನು ಎರಡು ಗೋಡೆಗಳಂತೆ ನೆಟ್ಟಗೆ ನಿಲ್ಲಿಸಿ, ನಡುವೆ ಸೀಸದ ಪದರಗಳನ್ನೂ, ಕಣದ ಜಾಡನ್ನು ಬೆಳಕಾಗಿ ತೋರಿಸುವ ನಿಯಾನ್ ಅನಿಲದ ನಳಿಗೆಗಳ ಸಾಲುಗಳನ್ನೂ ಇರಿಸಿದರು. ಮೇಲಿನಿಂದ ಬರುವ ಮ್ಯೂಯಾನು ನೇರವಾಗಿ ಇಳಿದರೆ ೨೩೦೦ ಮೀಟರು ಶಿಲೆಯನ್ನು ದಾಟಬೇಕು. ಓರೆಯಾಗಿ ಬಂದರೆ ಅದರ ಹಲವು ಮಡಿಯನ್ನು ದಾಟಬೇಕು. ಆದುದರಿಂದ ಗೋಡೆಯಿಂದ ಗೋಡೆಗೆ ಅಡ್ಡಲಾಗಿ ಸಾಗಿದ ಕಣವು ಮೇಲಿನ ವಾಯುಮಂಡಲದಿಂದ ಇಳಿದ ಮ್ಯೂಯಾನು ಆಗಿರಲು ಶಕ್ಯವಿಲ್ಲ. ಅದು ಸಮೀಪದ ಶಿಲೆಯಲ್ಲಿಯೇ ನ್ಯೂಟ್ರಿನೋವಿನಿಂದ ಹುಟ್ಟಿದುದಾಗಿರಬೇಕು. ಕಣದ ದಿಕ್ಕೇ ಅದರ ಕುಲಗೋತ್ರವನ್ನು ಹೇಳುವಂತೆ ಯಂತ್ರವನ್ನು ಕಟ್ಟಿದ್ದರು.

ಇದೇ ಕಾಲದಲ್ಲಿ ದಕ್ಷಿಣ ಆಫ್ರಿಕದ ಜೋಹಾನ್ಸ್‌ಬರ್ಗಿನ ಬಳಿಯ ಈಸ್ಟ್ ರ್‍ಯಾಂಡ್ ಚಿನ್ನದ ಗಣಿಯಲ್ಲಿ, ೩ ಕಿಲೋಮೀಟರಿಗೂ ಹೆಚ್ಚಿನ ಆಳದಲ್ಲಿ, ರೈನೆಸ್ ಅವರ ತಂಡವೂ ಇದೇ ಶೋಧದಲ್ಲಿ ತೊಡಗಿದ್ದಿತು. ಅವರ ಯಂತ್ರದಲ್ಲಿ ೧೯೬೫ರ ಫೆಬ್ರವರಿ ೨೩ರಂದು ಮೊದಲ ಘಟನೆ ಕಂಡಿತು, ಕೋಲಾರದಲ್ಲಿ ಏಪ್ರಿಲಿನಲ್ಲಿ. ಕೋಲಾರದ ವರದಿಯು ಜುಲೈ ೧೨ರಂದು ಪತ್ರಿಕೆಯನ್ನು ಸೇರಿ ಆಗಸ್ಟ್ ೧೫ರಂದು ಪ್ರಕಟವಾಯಿತು. ಆಫ್ರಿಕದ ವರದಿ ಜುಲೈ ೨೬ರಂದು ಪತ್ರಿಕೆಯನ್ನು ಸೇರಿ ಆಗಸ್ಟ್ ೩೦ರಂದು ಪ್ರಕಟವಾಯಿತು. ಹೀಗೆ ಕಾಣುವುದರಲ್ಲಿ ಅವರು ಮೊದಲು, ಪ್ರಕಟಿಸುವುದರಲ್ಲಿ ಇವರು ಮೊದಲು.

ಯಾರು ಮೊದಲೆಂಬ ಚರ್ಚೆಗಿಂತ ಮುಖ್ಯವಾದ ಅಂಶ ಇನ್ನೊಂದಿದೆ. ಎರಡೂ ಕಡೆ ಕಂಡ ಘಟನೆಗಳು ಕೆಲವೇ. ಆದರೆ ಎರಡು ಖಂಡಗಳಲ್ಲಿ, ಎರಡು ಬಗೆಯ ಶಿಲೆಯ ಅಡಿಯಲ್ಲಿ, ಪರಸ್ಪರ ಸಂಬಂಧವಿಲ್ಲದ ಎರಡು ಯಂತ್ರಗಳು ಒಂದೇ ಅರ್ಥದ ಸಾಕ್ಷ್ಯವನ್ನು ನುಡಿದವು. ಹಸ್ತಪ್ರತಿಗಳನ್ನು ಪರಿಷ್ಕರಿಸುವವರಿಗೆ ಈ ನ್ಯಾಯ ಪರಿಚಿತವಾದುದೇ. ಒಂದೇ ಮೂಲದಿಂದ ಇಳಿದ ಹತ್ತು ಪ್ರತಿಗಳು ಒಂದು ಪಾಠವನ್ನು ಕೊಟ್ಟರೂ ಅವು ಒಂದೇ ಸಾಕ್ಷಿಗೆ ಸಮ. ಬೇರೆ ಬೇರೆ ಶಾಖೆಗಳ ಎರಡೇ ಓಲೆಗರಿಗಳು ಒಪ್ಪಿದರೂ ಆ ಪಾಠಕ್ಕೆ ಬಲವುಂಟು. ೧೯೬೫ರ ಶೋಧಕ್ಕೆ ಬಂದ ಬಲ ಈ ಎರಡನೆಯ ಬಗೆಯದು.

೫

ಮುಂದಿನ ಕಥೆ ಇಷ್ಟು ನಿಚ್ಚಳವಾದುದಲ್ಲ. ಕೋಲಾರದ ಯಂತ್ರಗಳಲ್ಲಿ ಕಾಲಾನಂತರ ಕೆಲವು ಅಸಂಗತ ಘಟನೆಗಳು ಕಂಡುಬಂದವು. ಒಂದು ಬಿಂದುವಿನಿಂದ ಎರಡು ಮೂರು ಜಾಡುಗಳು ಕವಲೊಡೆದಿದ್ದವು. ಆ ಬಿಂದುವು ಶಿಲೆಯ ಒಳಗಿರದೆ, ಶಿಲೆಗೂ ಯಂತ್ರಕ್ಕೂ ನಡುವಣ ಬರಿಯ ಗಾಳಿಯಲ್ಲಿ ಇಲ್ಲವೆ ಯಂತ್ರದ ತೆಳುವಾದ ಭಾಗದಲ್ಲಿ ಇದ್ದಂತೆ ತೋರಿತು. ಗಾಳಿಯಲ್ಲಿ ನ್ಯೂಟ್ರಿನೋ ತಾಕುವ ಸಂಭವ ತೀರ ಅಲ್ಪವಾದುದರಿಂದ, ಶಿಲೆಯಲ್ಲಿ ಹುಟ್ಟಿದ ಹೊಸ ಕಣವೊಂದು ಸ್ವಲ್ಪ ದೂರ ಸಾಗಿ ಒಡೆದುದೇ ಇದಕ್ಕೆ ಕಾರಣವಾಗಿರಬಹುದೆಂದು ಎಂ. ಆರ್. ಕೃಷ್ಣಸ್ವಾಮಿ, ಮೆನನ್, ನರಸಿಂಹಂ ಮೊದಲಾದವರು ೧೯೭೫ರಲ್ಲಿ ಪ್ರಕಟಿಸಿದರು. ವಿಜ್ಞಾನದ ಪರಿಭಾಷೆಯಲ್ಲಿ ಇವಕ್ಕೆ ‘ಕೋಲಾರದ ಘಟನೆಗಳು’ ಎಂಬ ಹೆಸರೇ ನಿಂತಿತು.

ಅಂತಹ ಕಣವನ್ನು ಅಮೆರಿಕದ ಫರ್ಮಿ ಪ್ರಯೋಗಶಾಲೆಯಲ್ಲಿಯೂ ಯೂರೋಪಿನ ಸೆರ್ನ್‌ನಲ್ಲಿಯೂ ಕೃತಕ ನ್ಯೂಟ್ರಿನೋ ಪ್ರವಾಹಗಳಿಂದ ಅರಸಿದರು, ಅದು ಕಾಣಲಿಲ್ಲ. ಹಾಗೆಂದು ಕೋಲಾರದ ಜಾಡುಗಳು ಸುಳ್ಳೆಂದು ಯಾರೂ ಸಾಧಿಸಲಿಲ್ಲ. ೨೦೧೪ರಲ್ಲಿ ಎಂ. ವಿ. ಎನ್. ಮೂರ್ತಿ ಮತ್ತು ಜಿ. ರಾಜಶೇಖರನ್ ಅವರು, ಇವು ಬ್ರಹ್ಮಾಂಡದ ಅದೃಶ್ಯ ದ್ರವ್ಯದ ಕಣಗಳು ಒಡೆದುದರ ಗುರುತಾಗಿರಬಹುದೇ ಎಂಬ ಪ್ರಶ್ನೆಯನ್ನು ಮತ್ತೆ ಎತ್ತಿದರು. ಏಕೈಕ ಪ್ರತಿಯಲ್ಲಿ ದೊರೆತ ಅಪೂರ್ವ ಪಾಠದ ಗತಿಯೇ ಇದಕ್ಕೂ ಬಂದಿತು. ಅದು ಕವಿಯ ಮಾತೋ, ಲಿಪಿಕಾರನ ಕೈತಪ್ಪೋ ಎಂಬುದನ್ನು ಅದೇ ಪ್ರತಿಯನ್ನು ಎಷ್ಟು ಸಲ ನೋಡಿದರೂ ನಿರ್ಣಯಿಸಲಾಗದು.

ಎರಡನೆಯ ಪ್ರಸಂಗವು ಪ್ರೋಟಾನಿನ ನಾಶವನ್ನು ಕುರಿತುದು. ದ್ರವ್ಯಕ್ಕೆ ಆಧಾರವಾದ ಪ್ರೋಟಾನು ಸಹ ಕಾಲಾಂತರದಲ್ಲಿ ಒಡೆಯಬಹುದೆಂಬ ಸಿದ್ಧಾಂತವನ್ನು ಪರೀಕ್ಷಿಸಲು ೧೯೮೦ರಲ್ಲಿ ಕೋಲಾರದಲ್ಲಿ ೧೪೦ ಟನ್ನುಗಳ ಕಬ್ಬಿಣದ ಯಂತ್ರವನ್ನು ನಿಲ್ಲಿಸಿದರು. ಪ್ರೋಟಾನು ಒಡೆದಂತೆ ತೋರುವ ಕೆಲವು ಘಟನೆಗಳು ಅದರಲ್ಲಿ ಕಂಡವೆಂಬ ವಾರ್ತೆ ಲೋಕದ ಗಮನವನ್ನು ಸೆಳೆಯಿತು. ಆದರೆ ಅಮೆರಿಕದ ಈರಿ ಸರೋವರದ ಅಡಿಯ ಉಪ್ಪಿನ ಗಣಿಯಲ್ಲಿಯೂ ಜಪಾನಿನ ಕಾಮಿಯೋಕಾ ಗಣಿಯಲ್ಲಿಯೂ ಸಾವಿರಾರು ಟನ್ನು ನೀರಿನ ಯಂತ್ರಗಳು ಇದೇ ಕಾರ್ಯಕ್ಕೆ ಸಿದ್ಧವಾಗಿ ಅಂತಹ ನಾಶವನ್ನು ಕಾಣಲಿಲ್ಲ. ದ್ರವ್ಯರಾಶಿ ಹೆಚ್ಚಿದಷ್ಟೂ ಘಟನೆಗಳು ಹೆಚ್ಚಬೇಕಾಗಿತ್ತು. ಹೆಚ್ಚಲಿಲ್ಲವಾದುದರಿಂದ ಕೋಲಾರದಲ್ಲಿ ಕಂಡವು ಬಹುಶಃ ನ್ಯೂಟ್ರಿನೋಗಳ ಚಿಹ್ನೆಗಳೇ ಎಂಬ ಅಭಿಪ್ರಾಯವು ನೆಲೆಗೊಂಡಿತು.

೬

ಈ ಎರಡು ಪ್ರಸಂಗಗಳಿಂದ, ಅಸಂಗತಿಯೆಂದರೆ ಭ್ರಮೆಯೆಂದು ತೀರ್ಮಾನಿಸುವುದು ಸರಿಯಲ್ಲ. ನ್ಯೂಟ್ರಿನೋ ಆಂದೋಲನದ ಚರಿತ್ರೆಯೇ ಅದಕ್ಕೆ ಪ್ರತ್ಯುದಾಹರಣೆ. ನ್ಯೂಟ್ರಿನೋಗಳಲ್ಲಿ ಇಲೆಕ್ಟ್ರಾನು, ಮ್ಯೂಯಾನು, ಟೌ ಎಂಬ ಮೂರು ಪ್ರಭೇದಗಳುಂಟು. ಅವು ದಾರಿ ಸಾಗುತ್ತ ಒಂದರಿಂದೊಂದಕ್ಕೆ ರೂಪಾಂತರ ಹೊಂದುವುದೇ ಆಂದೋಲನವೆನಿಸುವುದು. ಅವಕ್ಕೆ ಲೇಶವಾದರೂ ತೂಕವಿದ್ದಲ್ಲದೆ ಇದು ಸಂಭವಿಸದು. ಇಂತಹ ಮಾರ್ಪಾಟಿನ ಕಲ್ಪನೆಯನ್ನು ಪೊಂಟೆಕೋರ್ವೋ ೧೯೫೭ರಲ್ಲಿ ಸೂಚಿಸಿದ್ದನು. ೧೯೬೨ರಲ್ಲಿ ಜಪಾನಿನ ಮಾಕಿ, ನಾಕಾಗಾವಾ, ಸಾಕಾಟಾ ಇವರು ಪ್ರಭೇದಗಳ ಮಿಶ್ರಣವನ್ನು ನಿರೂಪಿಸಿದರು.

ಮೊದಲನೆಯ ಅಸಂಗತಿ ಕಂಡುದೂ ಒಂದು ಚಿನ್ನದ ಗಣಿಯಲ್ಲಿಯೇ. ಅಮೆರಿಕದ ಹೋಮ್‌ಸ್ಟೇಕ್ ಗಣಿಯಲ್ಲಿ ರೇಮಂಡ್ ಡೇವಿಸ್ ಅವರು ಕ್ಲೋರಿನ್ ಬೆರೆತ ದ್ರವದ ದೊಡ್ಡ ತೊಟ್ಟಿಯನ್ನು ಇರಿಸಿ, ೧೯೬೮ರಿಂದ ದಶಕಗಳ ಕಾಲ ಸೂರ್ಯನ ನ್ಯೂಟ್ರಿನೋಗಳನ್ನು ಎಣಿಸಿದರು. ಲೆಕ್ಕಕ್ಕೆ ದೊರೆತುದು ನಿರೀಕ್ಷಿಸಿದುದರ ಮೂರನೆಯ ಒಂದು ಭಾಗದಷ್ಟು ಮಾತ್ರ. ತಪ್ಪು ಯಂತ್ರದ್ದೋ, ಸೂರ್ಯನನ್ನು ಕುರಿತ ಗಣನೆಯದೋ, ನ್ಯೂಟ್ರಿನೋವಿನ ಸ್ವಭಾವವೇ ಬೇರೆಯೋ ಎಂಬ ಸಂದೇಹ ೩೦ ವರ್ಷಗಳಿಗೂ ಮಿಗಿಲಾಗಿ ಉಳಿಯಿತು.

ಎರಡನೆಯದು ಕಾಮಿಯೋಕಾದಲ್ಲಿ ೧೯೮೮ರಲ್ಲಿ ಕಂಡಿತು. ವಾಯುಮಂಡಲದಿಂದ ಬರುವ ಮ್ಯೂಯಾನು ಪ್ರಭೇದದ ನ್ಯೂಟ್ರಿನೋಗಳು ನಿರೀಕ್ಷೆಯ ಸುಮಾರು ಶೇಕಡ ೬೦ರಷ್ಟೇ ಇದ್ದವು. ಈರಿ ಸರೋವರದ ನೀರಿನ ಯಂತ್ರವೂ ಕೊರತೆಯನ್ನು ಕಂಡಿತು. ಆದರೆ ಯೂರೋಪಿನ ಆಲ್ಪ್ಸ್ ಪರ್ವತದ ಸುರಂಗಗಳಲ್ಲಿದ್ದ ಫ್ರೆಜುಸ್ ಮತ್ತು ನ್ಯೂಸೆಕ್ಸ್ ಎಂಬ ಕಬ್ಬಿಣದ ಯಂತ್ರಗಳು ಅದನ್ನು ಕಾಣಲಿಲ್ಲ. ನೀರಿನ ಶಾಖೆ ಒಂದು ಪಾಠವನ್ನೂ ಕಬ್ಬಿಣದ ಶಾಖೆ ಇನ್ನೊಂದು ಪಾಠವನ್ನೂ ಕೊಟ್ಟಂತಾಯಿತು. ಕೊರತೆ ನ್ಯೂಟ್ರಿನೋವಿನದಲ್ಲ, ನೀರಿನ ಯಂತ್ರದ ದೋಷವೆಂದು ಶಂಕಿಸಲು ಇದರಿಂದ ಎಡೆಯಾಯಿತು. ೧೯೯೦ರ ದಶಕದ ಉತ್ತರಾರ್ಧದಲ್ಲಿ ಅಮೆರಿಕದ ಸೌಡಾನ್ ಕಬ್ಬಿಣದ ಗಣಿಯೊಳಗಿನ ಕಬ್ಬಿಣದ ಯಂತ್ರವೇ ಕೊರತೆಯನ್ನು ಕಂಡಾಗ ಆ ಶಂಕೆ ಸಡಿಲವಾಯಿತು.

ನಿರ್ಣಾಯಕವಾದ ಸಾಕ್ಷ್ಯ ೧೯೯೮ರಲ್ಲಿ ಬಂದಿತು. ೫೦,೦೦೦ ಟನ್ನು ನೀರಿನ ಸೂಪರ್ ಕಾಮಿಯೋಕಾಂಡೆ ಯಂತ್ರವು ನ್ಯೂಟ್ರಿನೋಗಳನ್ನು ದಿಕ್ಕುದಿಕ್ಕಾಗಿ ವಿಂಗಡಿಸಿತು. ಮೇಲಿನಿಂದ ಬಂದವು ಕೆಲವೇ ಹತ್ತು ಕಿಲೋಮೀಟರು ಸಾಗಿದವು. ಕೆಳಗಿನಿಂದ ಬಂದವು ಭೂಗೋಳವನ್ನೇ ತೂರಿ ಸುಮಾರು ೧೩,೦೦೦ ಕಿಲೋಮೀಟರು ಸಾಗಿದವು. ಮ್ಯೂಯಾನು ಪ್ರಭೇದದಲ್ಲಿ ಕೆಳಗಿನಿಂದ ಬಂದವು ಮೇಲಿನಿಂದ ಬಂದವುಗಳ ಸುಮಾರು ಅರ್ಧದಷ್ಟೇ ಇದ್ದವು. ಯಂತ್ರದ ದೋಷವು ದಿಕ್ಕನ್ನೂ ದೂರವನ್ನೂ ಹೀಗೆ ಅನುಸರಿಸಲಾರದು. ಕೆನಡದ ಸಡ್ಬರಿಯಲ್ಲಿ ೨ ಕಿಲೋಮೀಟರು ಆಳದ ಗಣಿಯೊಳಗೆ ೧೦೦೦ ಟನ್ನು ಭಾರಜಲವನ್ನು ಬಳಸಿದ ಯಂತ್ರವು ೨೦೦೧-೦೨ರಲ್ಲಿ ಸೂರ್ಯನ ಪ್ರಶ್ನೆಯನ್ನೂ ಬಿಡಿಸಿತು. ಮೂರು ಪ್ರಭೇದಗಳನ್ನೂ ಕೂಡಿಸಿ ಎಣಿಸಿದರೆ ಗಣನೆ ಸರಿ. ಇಲೆಕ್ಟ್ರಾನು ಪ್ರಭೇದ ಮಾತ್ರ ಮೂರನೆಯ ಒಂದು ಭಾಗ. ಡೇವಿಸ್ ಅವರ ಎಣಿಕೆಯೂ ಸರಿ, ಸೂರ್ಯನ ಗಣಿತವೂ ಸರಿ. ದಾರಿಯಲ್ಲಿ ಕಣಗಳು ವೇಷವನ್ನು ಬದಲಾಯಿಸಿದ್ದವು. ೨೦೧೫ರ ನೊಬೆಲ್ ಪಾರಿತೋಷಕವನ್ನು ಕಜಿತಾ ಮತ್ತು ಮೆಕ್‌ಡೊನಾಲ್ಡ್ ಅವರಿಗೆ ಇದಕ್ಕಾಗಿಯೇ ಕೊಟ್ಟರು.

ಕೋಲಾರದ ಯಂತ್ರಗಳು ಈ ರೂಪಾಂತರವನ್ನು ಏಕೆ ಕಾಣಲಿಲ್ಲವೆಂಬ ಪ್ರಶ್ನೆಗೆ ಉತ್ತರ ಅವುಗಳ ರಚನೆಯಲ್ಲಿಯೇ ಇದೆ. ಅವು ಅಡ್ಡಲಾಗಿ ನೋಡಿದವು. ಅಡ್ಡಲಾಗಿ ಬರುವ ನ್ಯೂಟ್ರಿನೋ ಕೆಲವು ನೂರು ಕಿಲೋಮೀಟರು ಮಾತ್ರ ಸಾಗಿರುವುದು. ಶಿಲೆಯಿಂದ ಹೊರಬರುವಷ್ಟು ಬಲವಾದ ಮ್ಯೂಯಾನನ್ನು ಹುಟ್ಟಿಸುವ ನ್ಯೂಟ್ರಿನೋಗಳ ಶಕ್ತಿಯೂ ಅಧಿಕ. ಅಷ್ಟು ಶಕ್ತಿಯ ಕಣವು ಅಷ್ಟು ದೂರದಲ್ಲಿ ಗಣನೀಯವಾಗಿ ರೂಪಾಂತರ ಹೊಂದದು. ಮೇಲಾಗಿ ಘಟನೆಗಳ ಸಂಖ್ಯೆಯೂ ಅತ್ಯಲ್ಪ. ಮ್ಯೂಯಾನುಗಳ ಗದ್ದಲವನ್ನು ಕಳೆಯಲು ಯಾವ ಅಡ್ಡನೋಟವು ಸಹಾಯಕವಾಯಿತೋ ಅದೇ ಆಂದೋಲನವನ್ನು ಮರೆಮಾಡಿತು.

ಇಂದಿಗೂ ಬಗೆಹರಿಯದ ಅಸಂಗತಿಗಳುಂಟು. ಇಟಲಿಯ ಗ್ರಾನ್ ಸಾಸ್ಸೋ ಪ್ರಯೋಗಶಾಲೆಯಲ್ಲಿಯೂ ರಷ್ಯದ ಬಕ್ಸಾನ್ ಕಣಿವೆಯ ಭೂಗರ್ಭ ಪ್ರಯೋಗಶಾಲೆಯಲ್ಲಿಯೂ ಗ್ಯಾಲಿಯಮ್ ಲೋಹದ ಯಂತ್ರಗಳ ಬಳಿ ಪ್ರಬಲವಾದ ನ್ಯೂಟ್ರಿನೋ ಆಕರವನ್ನು ಇಟ್ಟು ಎಣಿಸಿದಾಗ ಲೆಕ್ಕವು ಕಡಿಮೆ ಬಂದಿತು. ಬಕ್ಸಾನಿನಲ್ಲಿ ಮರಳಿ ನಡೆಸಿ ೨೦೨೨ರಲ್ಲಿ ಪ್ರಕಟಿಸಿದ ಪರೀಕ್ಷೆಯೂ ಶೇಕಡ ೨೦ಕ್ಕೆ ಮೇಲ್ಪಟ್ಟ ಕೊರತೆಯನ್ನು ತೋರಿಸಿತು. ಯಾವುದನ್ನೂ ತಾಕದ ನಾಲ್ಕನೆಯ ಪ್ರಭೇದವೊಂದು ಇರಬಹುದೆಂದು ಕೆಲವರು ಊಹಿಸಿದರು. ಆದರೆ ದಕ್ಷಿಣ ಧ್ರುವದ ಹಿಮದೊಳಗೆ ನೆಟ್ಟ ಐಸ್‌ಕ್ಯೂಬ್ ಯಂತ್ರವು ೨೦೧೬ರಲ್ಲಿ ಪ್ರಕಟಿಸಿದ ಶೋಧದಲ್ಲಿ ಅಂತಹ ಪ್ರಭೇದದ ಕುರುಹು ಕಾಣಲಿಲ್ಲ. ಗ್ಯಾಲಿಯಮ್ಮಿನ ಎರಡೂ ಕಡೆಯ ಸಾಕ್ಷ್ಯ ಒಂದೇ ಶಾಖೆಯದು. ಬೇರೆ ಶಾಖೆಯ ಸಮ್ಮತಿ ಅದಕ್ಕೆ ದೊರೆತಿಲ್ಲ.

೭

ಕೋಲಾರದಲ್ಲಿ ನ್ಯೂಟ್ರಿನೋ ಸಂಬಂಧವಾದ ಕೆಲಸವು ೧೯೯೨ರಲ್ಲಿ ನಿಂತಿತು. ಚಿನ್ನದ ಉತ್ಪತ್ತಿ ವೆಚ್ಚಕ್ಕೆ ಸಾಲದೆ ೨೦೦೧ರ ಫೆಬ್ರವರಿ ೨೮ರಂದು ಗಣಿಯೇ ಮುಚ್ಚಿತು. ನೀರನ್ನು ಮೇಲೆತ್ತುವ ಪಂಪುಗಳು ನಿಂತು, ಕೆಳಗಿನ ನೆಲೆಗಳಲ್ಲಿ ನೀರು ತುಂಬಿತು. ಹೋಮ್‌ಸ್ಟೇಕ್ ಗಣಿಯೂ ಅದೇ ಕಾಲಕ್ಕೆ, ಅದೇ ಕಾರಣದಿಂದ ಮುಚ್ಚಿತು. ಆದರೆ ಅಲ್ಲಿ ನೀರನ್ನು ಹೊರಚೆಲ್ಲಿ ಭೂಗರ್ಭ ಪ್ರಯೋಗಶಾಲೆಯನ್ನು ಮಾಡಿದರು. ೧೩೦೦ ಕಿಲೋಮೀಟರು ದೂರದ ಫರ್ಮಿ ಪ್ರಯೋಗಶಾಲೆಯಿಂದ ನ್ಯೂಟ್ರಿನೋ ಪ್ರವಾಹವನ್ನು ಸ್ವೀಕರಿಸುವ ಮಹಾಯಂತ್ರಕ್ಕಾಗಿ ೨೦೨೪ರ ವೇಳೆಗೆ ಅಲ್ಲಿ ಗುಹೆಗಳನ್ನು ಕೊರೆದು ಮುಗಿಸಿದರು. ಭಾರತದಲ್ಲಿ ತಮಿಳುನಾಡಿನ ತೇಣಿ ಜಿಲ್ಲೆಯ ಬೋಡಿ ಬೆಟ್ಟಗಳಲ್ಲಿ ೫೦,೦೦೦ ಟನ್ನಿನ ಕಾಂತೀಯ ಕಬ್ಬಿಣದ ಯಂತ್ರವನ್ನು ಇರಿಸುವ ಯೋಜನೆಗೆ ಕೇಂದ್ರ ಸರ್ಕಾರವು ೨೦೧೫ರಲ್ಲಿ ಒಪ್ಪಿಗೆಯಿತ್ತಿತು. ಕಾಡು, ಜಲಮೂಲ, ಜೀವನೋಪಾಯಗಳನ್ನು ಕುರಿತ ಸ್ಥಳೀಯರ ವಿರೋಧವೂ ನ್ಯಾಯಾಲಯದ ವ್ಯಾಜ್ಯಗಳೂ ಎದುರಾಗಿ ಅದು ಕಟ್ಟಡದ ಹಂತಕ್ಕೆ ಬರಲಿಲ್ಲ. ಹೊಸದಾಗಿ ಬೆಟ್ಟವನ್ನು ಕೊರೆಯುವ ಕಷ್ಟವನ್ನು ನೋಡಿದರೆ, ಅದಾಗಲೇ ಕೊರೆದಿದ್ದ ಆಳವೊಂದರ ಬೆಲೆ ಎಷ್ಟೆಂಬುದು ವ್ಯಕ್ತವಾಗುವುದು.

ಒಂದು ಗಣಿಯ ಆಯವ್ಯಯವನ್ನು ಚಿನ್ನದ ತೂಕದಿಂದ ಕಟ್ಟುವುದು ಸಹಜ. ಆ ಲೆಕ್ಕದಲ್ಲಿ ಆಳವು ಕೇವಲ ವೆಚ್ಚ. ವಿಜ್ಞಾನದ ಲೆಕ್ಕದಲ್ಲಾದರೋ ಆಳವೇ ಆದಾಯ. ಕೋಲಾರದ ಚರಿತ್ರೆಯನ್ನು ಬರೆಯುವವರು ೧೮೮೦, ೧೯೦೨, ೨೦೦೧ ಈ ವರ್ಷಗಳ ಜತೆಗೆ ೧೯೬೫ನ್ನೂ ನಮೂದಿಸಬೇಕು. ೧೯೭೫ನ್ನು ಸಹ ಬಿಡಬಾರದು. ಆ ವರ್ಷ ಪ್ರಕಟವಾದ ಕೆಲವು ಜಾಡುಗಳು ಅಪಪಾಠವೋ, ಇನ್ನೂ ಅರ್ಥವಾಗದ ನಿಜವಾದ ಪಾಠವೋ ಎಂಬುದನ್ನು ನಿರ್ಣಯಿಸಲು ಅಷ್ಟೇ ಆಳದಲ್ಲಿ, ಬೇರೆ ರಚನೆಯ ಇನ್ನೊಂದು ಯಂತ್ರ ಬೇಕು. ಅದು ಸಿದ್ಧವಾಗುವವರೆಗೆ ಅವನ್ನು ಅಳಿಸದೆ, ಒಪ್ಪದೆ, ಪಾಠಾಂತರದಂತೆ ಕಾಪಾಡುವುದೇ ವಿದ್ವತ್ತಿಗೆ ಉಚಿತವಾದ ಮಾರ್ಗ.